ಟಾನಿಕ್ ಕುಡಿದ ಬೈಕು

ಮಂಗಳವಾರ, ರಾತ್ರಿ ಒಂಬತ್ತು. ಇಂಡಿಯಿಂದ ಬರುವಾಗ ದಿಬ್ಬದ ಮೇಲೆ ನನ್ನ ತಮ್ಮ ಮಾಳಿಂಗನ ಬೈಕು ಎಳೆಯಲೇ ಇಲ್ಲ. ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ. ಅವನಂತೂ ತೀರಿಹೋದ, ಗಾಡಿಯಾದರೂ ಬಾಳಲಿ ಎಂದು ಹೋದ ವಾರ ಆಯಿಲ್‌ಗೆ ಒಂದು ಡಬ್ಬಿ ಎಂಜಿನ್ ಟಾನಿಕ್ ಸುರಿದಿದ್ದೆ.

ಗಾಡಿ ತಳ್ಳಿಕೊಂಡು ಹೋಗಿ ಟಾನಿಕ್ಕಿನ ಹೆಸರು ಹೇಳಿದಾಗ ಮೆಕ್ಯಾನಿಕ್ ಬಸಂತರಾಯ ನಕ್ಕ. "ಕೂಸಿಗೆ ಕುಡಿಸಿದಂಗ ಕುಡಿಸೀರಲ್ರೀ ಅಣ್ಣಾರ! ಇದು ಕಾರಿಂದು. ಬೈಕಿನ ಕ್ಲಚ್ ಆಯಿಲ್‌ನಾಗ ಮುಳುಗಿರತೈತಿ, ಇದಕ್ಕ ಜಾರತೈತಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸ್ರಿ, ಸಾಕು."

"ಸಪ್ಪಳ ಕಡಿಮಿ ಆಗಿತ್ತಲ್ಲೋ?"

"ಸಪ್ಪಳ ಅಡಗೈತ್ರಿ. ಸವಕಳಿ ಅಲ್ಲ."

ಬೈಕಿನ ಆ ಟಕಟಕ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದರೆ ಅವ್ವ ತಾಟು ಇಡಲು ಏಳುತ್ತಿದ್ದಳು. ಅವನು ಹೋದ ಮೇಲೂ, ನಾನು ಅದೇ ಬೈಕಿನಲ್ಲಿ ಬಂದಾಗ ಏಳುತ್ತಿದ್ದಳು. ಈ ವಾರ ಏಳಲಿಲ್ಲ. ನನ್ನ ಮೇಲೆ ಮುನಿಸೆಂದುಕೊಂಡಿದ್ದೆ.

ನಾಳೆ ಮುಂಜಾನೆ ಬಸಂತರಾಯ ಆಯಿಲ್ ಬಸಿಯುತ್ತಾನೆ; ಟಕಟಕ ಮರಳೀತು.