ಗೋಲ್‌ಕೀಪರನ ಅಮ್ಮ ಹಾಕಿಸಿದ ಸಹಿಗಳು

ಮೈದಾನ್ ಹವಲ್ಲಿ
2 ಮೇ 2025, ಶುಕ್ರವಾರ

ಪ್ರೀತಿಯ ಶಹನಾ,

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಸರಿಯಾಗಿಯೇ ಮಾಡಿದ್ದೀಯ, ನಾನಾಗಿದ್ದರೆ ಮುಖಕ್ಕೇ ಬಾಗಿಲು ಹಾಕುತ್ತಿದ್ದೆ. ಮೂರನೇ ಮಹಡಿಯಿಂದ ಐದನೇ ಮಹಡಿಗೆ ಕಾಗದ ಬರೆಯುವ ಗತಿ ಬಂತು ನೋಡು. ಉಪವಾಸದ ತಿಂಗಳಲ್ಲಿ ನೀನು ಕಲ್ತಪ್ಪ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲೇ ಇದೆ. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂಬುದು ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೇ ರೂಢಿ. ಒಬ್ಬಟ್ಟು ತುಂಬಿದ್ದೇನೆ, ಮೇಲೆ ಈ ಕಾಗದ ಇಟ್ಟಿದ್ದೇನೆ. ಮೊದಲು ಇದನ್ನು ಓದು, ಆಮೇಲೆ ಒಬ್ಬಟ್ಟು ಬೇಕೋ ಬೇಡವೋ ನೀನೇ ನಿರ್ಧರಿಸು.

ಭಾನುವಾರ ಕಾಲೇಜಿನಲ್ಲಿ ಸಭೆ. ನಿನ್ನ ಯಜಮಾನರು ಮುತ್ತಲಿಬ್ ಅವರನ್ನು ಫುಟ್‌ಬಾಲ್ ಕೋಚ್ ಆಗಿ ಮುಂದುವರಿಸಬೇಕೋ, ಜೂನ್‌ಗೆ ಕರಾರು ಮುಗಿಸಿ ಕಳಿಸಬೇಕೋ ಎಂದು ಅಲ್ಲಿ ತೀರ್ಮಾನ. ಕರಾರು ಹೋದರೆ ಈ ಗಲ್ಫಿನಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಹೋಯಿತು, ಇಕಾಮಾ ಹೋದರೆ ಗಂಟುಮೂಟೆ ಕಟ್ಟಿ ಊರಿಗೆ. ಇದೆಲ್ಲ ಗೊತ್ತಿದ್ದೂ ಅವರನ್ನು ತೆಗೆಯಿರಿ ಎಂಬ ಅರ್ಜಿ ಬರೆದವಳು ನಾನು. ಕೋಡುಬಳೆ ಹಿಡಿದುಕೊಂಡು ಮನೆಮನೆ ಹತ್ತಿಳಿದು ಹದಿನಾಲ್ಕು ಜನ ತಂದೆತಾಯಂದಿರ ಸಹಿ ಹಾಕಿಸಿದೆ. ಅರ್ಜಿ ನನ್ನದೆಂದು ನಿನಗೆ ಗೊತ್ತು. ‘ತಮ್ಮವರನ್ನೇ ಮುಂದೆ ತರುತ್ತಾರೆ’ ಎಂಬ ಸಾಲು ಬೇರೆ ಯಾರೋ ಸೇರಿಸಿದ್ದು ಎಂದುಕೊಂಡಿರಬಹುದು. ಅದೂ ನನ್ನದೇ ಶಹನಾ. ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು, ಆದರೂ ಬರೆದೆ.

ಫೈನಲ್ ದಿನ ಅವರು ನನ್ನ ಪೃಥ್ವಿಯನ್ನು ಕೂರಿಸಿ, ನಿನ್ನ ನಾದಿನಿಯ ಮಗ ಸಫೀರ್‌ನನ್ನು ಗೋಲಿಗೆ ನಿಲ್ಲಿಸಿದರು. ಮೂರು ಗೋಲು ಬಿತ್ತು. ಆಟ ಮುಗಿದದ್ದೇ ನಾನು ಮೈದಾನಕ್ಕೆ ನುಗ್ಗಿ ಎಲ್ಲರೆದುರು ಬಾಯಿಗೆ ಬಂದಂತೆ ಅಂದೆ. ಅವರು ತಮ್ಮ ಮಡಚುವ ಕುರ್ಚಿ ತಂದು ಬಿಡಿಸಿ, “ಅಕ್ಕ, ನೀವು ಮೊದಲು ಕೂತ್ಕೊಳ್ಳಿ” ಎಂದರು. ನನ್ನನ್ನು ಮುದುಕಿ ಮಾಡಿದರೆಂದು ಇನ್ನಷ್ಟು ಉರಿದುಬಿದ್ದೆ. ಆಗ ನನ್ನ ಮನಸ್ಸೇ ನೆಟ್ಟಗಿರಲಿಲ್ಲ. ಕಾರಣ ಈಗ ಬೇಡ.

ಕಳೆದ ವಾರ ಅರ್ಜಿ ಕೊಟ್ಟು ಹೊರಬರುವಾಗ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಜಾರ್ಜ್ ಸಿಕ್ಕಿದ, ನಿಮ್ಮ ಮಂಗಳೂರಿನವನೇ. ಕೈಮುಗಿದು, “ಉಪವಾಸದ ತಿಂಗಳಲ್ಲಿ ನಿಮ್ಮ ಪುಳಿಯೋಗರೆ ತಿಂದದ್ದೆಲ್ಲ ನಾನೇ ಮಾರಾಯ್ರೆ. ನಿಮ್ಮ ಮಗನಿಗೆ ಉಪವಾಸ ಅಲ್ವಾ” ಎಂದ. ತನ್ನ ಕೋಣೆಯ ಬಾಗಿಲು ಹಾಕಿಕೊಂಡು ತಿಂದು, ಡಬ್ಬಿ ತೊಳೆದು ಕೊಡುತ್ತಿದ್ದನಂತೆ. ಖಾಲಿ ಡಬ್ಬಿ ನೋಡಿ ಮಗ ಚೆನ್ನಾಗಿ ಉಂಡ ಎಂದು ಹಿಗ್ಗುತ್ತಿದ್ದ ಪೆದ್ದಿ ನಾನು.

ಮನೆಗೆ ಬಂದು ಕೇಳಿದೆ. ಪೃಥ್ವಿ ಎಂದಿನಂತೆ ಇಂಗ್ಲಿಷಿನಲ್ಲಿ, ಕಾಲಿನ ಹೆಬ್ಬೆರಳು ನೋಡುತ್ತ ಹೇಳಿದ. ತಂಡದ ಹುಡುಗರ ಜೊತೆ ಹನ್ನೆರಡು ದಿನ ಉಪವಾಸ ಹಿಡಿದಿದ್ದನಂತೆ. ಅವರಿಗೆ ಚಿಕ್ಕಂದಿನಿಂದ ರೂಢಿ, ಬೆಳಗಿನ ಜಾವ ಎದ್ದು ಸಹರಿ ಉಣ್ಣುತ್ತಾರೆ. ಇವನಿಗೆ ಎಬ್ಬಿಸುವವರು ಯಾರು? ಸಂಜೆ ಮಸೀದಿಯಲ್ಲಿ ಬಾಂಗ್ ಆದಾಗ ಬಸ್ಸಿನಲ್ಲಿ ಎರಡು ಖರ್ಜೂರ, ಆಮೇಲೆ ನಾನು ಒಂಬತ್ತಕ್ಕೆ ಬಡಿಸಿದ್ದೇ ಊಟ. ಫೈನಲ್ ದಿನ ಬೂಟಿನ ಲೇಸ್ ಕಟ್ಟುವಾಗ ಕಣ್ಣು ಕತ್ತಲೆ ಬಂದು ಬಿದ್ದ. ಮುತ್ತಲಿಬ್ ಅವರೇ ಎತ್ತಿ ಕೂರಿಸಿ, ವಿಷಯ ತಿಳಿದು, ತಮ್ಮ ಕೈಯಾರೆ ನೀರು ಕುಡಿಸಿದರು. ತಾವು ಉಪವಾಸದಲ್ಲಿದ್ದುಕೊಂಡೇ. ಆಡುತ್ತೇನೆಂದು ಇವನು ಅತ್ತಾಗ ಅವರು ಹೇಳಿದ ಮಾತನ್ನು ಮಾತ್ರ ಪೃಥ್ವಿ ಕನ್ನಡದಲ್ಲೇ ಹೇಳಿದ: “ಕಪ್ ಬರುವ ವರ್ಷವೂ ಉಂಟು ಮೋನೆ. ನಿನ್ನ ಅಮ್ಮನಿಗೆ ನೀನು ಒಬ್ಬನೇ ಅಲ್ವಾ ಇರುದು.”

ಅಮ್ಮನಿಗೆ ಹೇಳಬೇಡಿ ಎಂದು ಮಗ ಬೇಡಿಕೊಂಡನಂತೆ. ಆ ಮಾತು ಉಳಿಸಿಕೊಳ್ಳಲು ನಿನ್ನ ಯಜಮಾನರು ನನ್ನ ಬೈಗುಳವನ್ನೂ ಅರ್ಜಿಯನ್ನೂ ಬಾಯಿಮುಚ್ಚಿ ನುಂಗಿದರು. ನಿನಗೂ ಹೇಳಿರಲಾರರು.

ಅಂದಿನಿಂದ ಮತ್ತೆ ಮೆಟ್ಟಿಲು ಹತ್ತಿಳಿಯುತ್ತಿದ್ದೇನೆ, ಈ ಸಲ ಕೋಡುಬಳೆಯಿಲ್ಲದೆ. ಪ್ರತಿ ಮನೆಯಲ್ಲೂ ನನ್ನದೇ ತಪ್ಪೆಂದು ಹೇಳಿ, ಸಹಿ ಹಿಂತೆಗೆದುಕೊಂಡಿದ್ದೇವೆಂದು ಬರೆಸಿಕೊಂಡೆ. ಹದಿಮೂರು ಆಯಿತು. ಹದಿನಾಲ್ಕನೆಯವರು ನಮ್ಮ ಮನೆಯವರೇ! ಒಮ್ಮೆ ಹಾಕಿದ ಸಹಿ ಹಾಕಿದ್ದೇ ಎಂದು ಶ್ಯಾಮಸುಂದರ್ ಬ್ಯಾಂಕಿನ ನಿಯಮ ಹೇಳಿದರು. ಹಾಗಾದರೆ ಕಾಫಿ ಖಲಾಸ್ ಎಂದೆ. ಎರಡು ದಿನ ತಡೆದುಕೊಂಡರು ಪಾಪ.

ನಿನ್ನ ಯಜಮಾನರು ಒಳ್ಳೆಯ ಕೋಚ್ ಹೌದೋ ಅಲ್ಲವೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ನಮ್ಮ ಗೋಲು ಯಾವುದೆಂದು ತಿಳಿಯುವಷ್ಟರಲ್ಲಿ ಅರ್ಧ ಆಟ ಮುಗಿದು ಕಡೆ ಬದಲಾಯಿಸಿರುತ್ತಾರೆ. ಮೂರು ವರ್ಷದಲ್ಲಿ ಅವರು ಒಂದು ಕಪ್ಪೂ ತರಲಿಲ್ಲ, ನಿಜ. ಆದರೆ ಗೆಲ್ಲುವ ಆಟ ಬಿಟ್ಟುಕೊಟ್ಟು ನನ್ನ ಮಗನನ್ನು ನನಗೆ ಉಳಿಸಿಕೊಟ್ಟರು. ಭಾನುವಾರ ಸಭೆಯಲ್ಲಿ ಎದ್ದುನಿಂತು ಇಷ್ಟನ್ನೇ ಹೇಳುತ್ತೇನೆ. ಆ ಕೆಟ್ಟ ಸಾಲು ಬರೆದದ್ದು ಯಾರೆಂಬುದನ್ನೂ ಹೇಳುತ್ತೇನೆ.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ನೀನಿಲ್ಲದೆ ಸಂಜೆಗಳು ಕಳೆಯುವುದೇ ಇಲ್ಲ ಕಣೆ.

ನಿನ್ನ,
ಭಾಗೀರಥಕ್ಕ

ತಾ.ಕ.: ಡಬ್ಬಿ ಹಿಡಿದು ಎರಡು ಸಲ ನಿನ್ನ ಬಾಗಿಲವರೆಗೆ ಬಂದು ಹಿಂದಿರುಗಿದೆ. ಈಗ ಭಾನುವಾರ ಸಂಜೆ. ಇದರಲ್ಲಿರುವುದು ಎರಡನೇ ಸಲ ಮಾಡಿದ ಒಬ್ಬಟ್ಟು. ಕರಾರು ಎರಡು ವರ್ಷ ಮುಂದುವರಿದದ್ದು ನಿನಗೆ ಈಗಾಗಲೇ ತಿಳಿದಿರುತ್ತದೆ. ತಿಳಿಯದ ಒಂದು ಮಾತಿದೆ. ಅಷ್ಟು ಹಟದಿಂದ ಉಪವಾಸ ಯಾಕೋ ಹಿಡಿದೆ ಎಂದು ಪೃಥ್ವಿಯನ್ನು ಇವತ್ತು ಕೇಳಿದೆ. ಫೆಬ್ರವರಿಯಲ್ಲಿ ನನ್ನ ಎದೆಯಲ್ಲಿ ಒಂದು ಗಂಟು ಕಂಡಿತ್ತು ಶಹನಾ. ನಿನಗೂ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಯುಗಾದಿ ಕಳೆದು ರಿಪೋರ್ಟ್ ಬಂತು, ಏನೂ ಇಲ್ಲ, ಹೆದರಬೇಡ. ಆಸ್ಪತ್ರೆಯ ಮೆಸೇಜನ್ನು ಮಗ ನನ್ನ ಫೋನಿನಲ್ಲಿ ಓದಿಬಿಟ್ಟಿದ್ದ. ಅಮ್ಮನಿಗೆ ಏನೂ ಆಗದಿರಲಿ ಎಂದು ಉಪವಾಸ ಹಿಡಿದ. ಬಿದ್ದ ದಿನ ಅದನ್ನು ಕೋಚ್‌ಗೆ ಮಾತ್ರ ಹೇಳಿದ್ದನಂತೆ. ನಾನು ಕೂಗಾಡುವಾಗ ಅವರು ಕುರ್ಚಿ ತಂದದ್ದು ಅದಕ್ಕೇ.