ಹೆಚ್ಚುವರಿ ಪಟ್ಟಿಯ ಒಂಬತ್ತನೆಯ ಹೆಸರು

ಹದಿನಾಲ್ಕನೇ ತಾರೀಖು, ಸೋಮವಾರ
ಕಚೇರಿ, ಊಟದ ಬಿಡುವು

ಮುದ್ದಿನ ಪುಟ್ಟಿಗೆ,

ನೀನೂ ಮಗುವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ ಎಂದು ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದು ಹಾಕಿದೆ. ಫೋನಿನಲ್ಲಿ ಹೇಳುವ ಧೈರ್ಯವಂತೂ ಇಲ್ಲ. ನಿನ್ನ ಭಾವನ ಸೊಂಟನೋವು ಇಳಿದಿದೆ. ಅಮ್ಮ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ಸುದ್ದಿ ನಿಮ್ಮ ಸ್ಟಾಫ್ ರೂಮಿಗೂ ಬಂದಿರಬೇಕು. ಈ ಸಲ ಹೆಚ್ಚುವರಿ ಶಿಕ್ಷಕರ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಪೇಟೆಯ ಶಾಲೆಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿರುವ ಟೀಚರುಗಳನ್ನು ಯಾರೂ ಇಲ್ಲದ ಕಡೆಗೆ ಕಳುಹಿಸಬೇಕು. ನಿಮ್ಮ ಶಾಲೆಯಲ್ಲೇ ನೋಡು, ಗಣಿತಕ್ಕೆ ಐದು ಜನ. ಬೇಕಾಗಿರುವುದು ಇಬ್ಬರು.

ಕೆಲಸ ಶುರುವಾದ ಮರುದಿನದಿಂದ ನಮ್ಮ ಹೊರಬೆಂಚಿನಲ್ಲಿ ಒಬ್ಬ ಬಂದು ಕೂರತೊಡಗಿದ. ತೊಡೆಯ ಮೇಲೆ ಮಡಿಚಿದ ಛತ್ರಿ. ಏನೂ ಕೇಳುವುದಿಲ್ಲ. ನಾನು ಎದ್ದರೆ ಏಳುತ್ತಾನೆ, ಬಸ್ ನಿಲ್ದಾಣದವರೆಗೂ ಹಿಂದೆಯೇ ಬರುತ್ತಾನೆ. ಕಳೆದ ಗುರುವಾರ ಮೊದಲ ಸಲ ಬಾಯಿ ಬಿಟ್ಟ.

“ಮೇಡಂ, ನಿಮ್ಮ ತಾಯಿ ಬೆಳಿಗ್ಗೆ ಒಬ್ಬರೇ ವಾಕಿಂಗ್ ಹೋಗ್ತಾರಲ್ಲ. ಕಿವಿ ಬೇರೆ ಕೇಳಿಸಲ್ಲ ಅವರಿಗೆ. ಆ ರಸ್ತೇಲಿ ಲಾರಿ ಜಾಸ್ತಿ. ಸ್ವಲ್ಪ ನೋಡ್ಕೊಳ್ಳಿ.”

ದನಿಯಲ್ಲಿ ಕಾಳಜಿಯೇ ಇತ್ತು. ಅಂದಿನಿಂದ ಅಮ್ಮನನ್ನು ಹೊರಗೆ ಬಿಟ್ಟಿಲ್ಲ. “ನಾನೇನು ಕಳ್ಳಿಯಾ, ಕೂಡಿಹಾಕೋಕೆ?” ಎಂದು ಮುಖ ಊದಿಸಿಕೊಂಡಿದ್ದಾಳೆ.

ಸಾಹೇಬರಿಗೆ ಹೇಳಿದೆ. ಅವರು ಕಡತದಿಂದ ತಲೆಯೆತ್ತದೆ, “ಮೂರು ಹೆಸರು ತೆಗೆದುಬಿಡಿ, ಎಲ್ಲ ಸರಿಹೋಗತ್ತೆ,” ಎಂದರು. ಆ ಮೂವರು ಯಾರ ಮನೆಯವರೆಂದು ಇಲ್ಲಿ ಬರೆಯುವುದಕ್ಕೂ ನನಗೆ ಹೆದರಿಕೆ.

“ಹಾಗಂತ ಬರೆದುಕೊಡಿ ಸಾರ್,” ಎಂದೆ.

“ನಾನೆಲ್ಲಿ ಏನು ಹೇಳಿದೆ?” ಎಂದು ಪುಟ ತಿರುಗಿಸಿದರು.

ತೆಗೆದೇಬಿಡುತ್ತಿದ್ದೆನೇನೋ. ಆದರೆ ಅದರ ಹಿಂದಿನ ವಾರವಷ್ಟೇ ಗುಡ್ಡದಾಚೆಯ ಶಾಲೆಗೆ ಹೋಗಿಬಂದಿದ್ದೆ. ಬಸ್ಸಿಳಿದು ಒಂದೂವರೆ ಗಂಟೆ ನಡಿಗೆ. ಏಳು ತರಗತಿ, ಎರಡು ಕೋಣೆ, ಒಬ್ಬಳೇ ಟೀಚರ್. ಯಾರು ಗೊತ್ತೇ? ತರಬೇತಿಯಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಗೆಳತಿ, ನಾವು ಕಿಲಕಿಲ ಎಂದು ಕರೆಯುತ್ತಿದ್ದೆವಲ್ಲ, ಅವಳು. ಕೂಗಿ ಕೂಗಿ ದನಿ ಒಡೆದುಹೋಗಿದೆ. ಏಳನೆಯ ತರಗತಿಯ ಒಬ್ಬಳಿಗೆ ಭಾಗಾಕಾರ ಕೊಟ್ಟೆ. ಹಾಳೆ ತುಂಬ ಅಂಕಿ ಬರೆದು, ಉತ್ತರದ ಜಾಗ ಖಾಲಿ ಬಿಟ್ಟು ತಂದಳು. “ಟೀಚರ್ ಆ ಕೋಣೆಯಿಂದ ಬರೋ ಹೊತ್ತಿಗೆ ಬೆಲ್ ಆಗಿಬಿಡತ್ತೆ ಮೇಡಂ. ಉತ್ತರ ಬರೆಯೋದು ಹೇಳಿಕೊಟ್ಟಿಲ್ಲ,” ಎಂದಳು.

ಹೊರಡುವಾಗ ಕಿಲಕಿಲ ನನ್ನ ಜೊತೆ ಗೇಟಿನ ತನಕ ಬಂದಳು. “ಬೇರೆಯವರು ಬಂದ ಕೂಡಲೇ ನಿನ್ನ ಬಿಡ್ತೀವಿ ಅಂದಿದ್ರು ಅಕ್ಕ. ಹನ್ನೊಂದು ವರ್ಷ ಆಯ್ತು,” ಎಂದಳು. ಆಮೇಲೆ, “ಪುಟ್ಟಿ ಹೇಗಿದ್ದಾಳೆ?” ಎಂದು ಕೇಳಿದಳು.

ಈಗ ನಿಜ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಪಟ್ಟಿಗೆ ಸಹಿ ಹಾಕಿ ನಾನೇ ಮೇಲಿನ ಕಚೇರಿಗೆ ತಲುಪಿಸಿ ಬಂದೆ. ಆ ಮೂರು ಹೆಸರೂ ಅದರಲ್ಲಿವೆ. ಒಂಬತ್ತನೆಯದು ನಿನ್ನದು. ಗುಡ್ಡದಾಚೆಗೆ ಇಬ್ಬರನ್ನು ಹಾಕಿದ್ದೇನೆ, ಅದರಲ್ಲಿ ನೀನೊಬ್ಬಳು. ನಿಮ್ಮ ಗಣಿತದ ಐವರಲ್ಲಿ ಪೇಟೆ ಬಿಟ್ಟು ಎಂದೂ ಹೊರಗೆ ಹೋಗದವರು ಮೊದಲು ಹೋಗಬೇಕೆಂಬುದು ನಿಯಮ. ನಿನ್ನ ಹೊಸ ಮನೆ, ಮಗುವಿನ ಶಾಲೆ ಎಲ್ಲ ಕಣ್ಮುಂದೆ ಬಂತು. ಆದರೂ ಬರೆದೆ.

ಛತ್ರಿಯವನು ಇವತ್ತು ಬೆಂಚಿನಲ್ಲಿಲ್ಲ. ಬೆಳಿಗ್ಗೆಯಿಂದ ಎದುರುಮನೆ ಟೈಲರಮ್ಮನಿಗೆ ಐದು ಸಲ ಫೋನ್ ಮಾಡಿದೆ. “ನಿಮ್ಮ ಬಾಗಿಲು ಹಾಕೇ ಇದೆ, ಅಮ್ಮ ಕಿಟಕಿ ಹತ್ರ ಕೂತಿದ್ದಾರೆ,” ಎನ್ನುತ್ತಾಳೆ. ಫೋನ್ ಇಟ್ಟ ಮರುಗಳಿಗೆಗೇ ಕೈ ಮತ್ತೆ ಫೋನಿಗೆ ಹೋಗುತ್ತದೆ.

ಕೋಪ ಬಂದರೆ ಬಂದು ಎದುರಿಗೇ ಬೈ. ಎಲ್ಲಿದ್ದರೂ ನಿನಗೆ, ನಿನ್ನ ಮಗುವಿಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮತ್ತೊಂದು ಮಾತು: ನಿಮ್ಮ ಬ್ಯಾಚಿನ ಮೊದಲ ನೇಮಕಾತಿಯ ಕರಡಿನಲ್ಲಿ ಗುಡ್ಡದಾಚೆಯ ಶಾಲೆಗೆ ಬರೆದಿದ್ದದ್ದು ನಿನ್ನ ಹೆಸರು. ಆಗ ನಾನು ಇಲ್ಲಿ ಟೈಪಿಸ್ಟ್. ನನ್ನನ್ನು ಯಾರೂ ಹೆದರಿಸಲಿಲ್ಲ, ನೀನೂ ಕೇಳಲಿಲ್ಲ. ನಿನ್ನ ಹೆಸರಿನ ಜಾಗದಲ್ಲಿ ಕಿಲಕಿಲಳ ಹೆಸರು ಟೈಪ್ ಮಾಡಿದೆ. ಅಂದಿನ ಸಾಹೇಬರು ಓದದೆ ಸಹಿ ಹಾಕಿದರು. ಅವಳಿಗೆ ಇದು ಇವತ್ತಿಗೂ ಗೊತ್ತಿಲ್ಲ. ಗೇಟಿನ ಹತ್ತಿರ ಹೇಳಲು ಬಾಯಿ ಬರಲಿಲ್ಲ. ನೀನು ಅಲ್ಲಿ ಹಾಜರಾದ ದಿನ ಅವಳಿಗೆ ಬಿಡುಗಡೆ. ನಿನ್ನ ಕೈ ಹಿಡಿದುಕೊಂಡು, ದೊಡ್ಡ ಉಪಕಾರ ಮಾಡಿದೆ ಎನ್ನುತ್ತಾಳೆ. ಆ ಮಾತು ಕೇಳುವ ಮೊದಲೇ ನಿನಗೆ ಇದು ಗೊತ್ತಿರಲಿ ಎಂದು ಬರೆದೆ.