ಬಂಗಾರಿಯ ಬಲಗಣ್ಣಿಗೆ ಇನ್ನು ಹನ್ನೊಂದು ದಿನ

ನೇತ್ರ ಶಿಬಿರಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಶಿಬಿರದಲ್ಲಿ ಲೇಸರ್ ಮಾಡಿಸಿಕೊಂಡ ಹೆಂಗಸೊಬ್ಬಳು ತನ್ನ ಎಡಗಣ್ಣನ್ನು ಕಳೆದುಕೊಂಡಿದ್ದಾಳೆ. ಯಂತ್ರ ಕೆಟ್ಟಿರಲಿಲ್ಲ, ವೈದ್ಯರ ಕೈ ತಪ್ಪಿರಲಿಲ್ಲ. ಲೇಸರ್ ಆದ ಮೇಲೆ ಆ ಕಣ್ಣನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳುವುದು ನಿಮ್ಮ ಕಚೇರಿಯ ಘನತೆಗೆ ಕಡಿಮೆ ಎನಿಸಿತು, ಅಷ್ಟೆ. ಇನ್ನು ಉಳಿದಿರುವುದು ಬಲಗಣ್ಣು. ಅದಕ್ಕೆ ಹನ್ನೊಂದು ದಿನಗಳ ಅವಕಾಶವಿದೆ. ಇಲ್ಲವಾಗಿದ್ದರೆ ನಿಮಗೆ ಪತ್ರ ಬರೆಯುವ ಚಪಲ ನನಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಹೊನ್ನಾವರದ ಕಲ್ಯಾಣಮಂಟಪವೊಂದರಲ್ಲಿ ಶಿಬಿರ ನಡೆಯಿತು. ಬೆಳಿಗ್ಗೆ ಒಂಬತ್ತಕ್ಕೇ ನಮ್ಮ ಕಣ್ಣುಗಳಿಗೆ ಪಾಪೆ ಹಿಗ್ಗಿಸುವ ಔಷಧಿ ಬಿಟ್ಟು ಸಾಲಾಗಿ ಕೂರಿಸಿದಿರಿ. ಆಮೇಲೆ ಎರಡು ತಾಸು ಉದ್ಘಾಟನೆ. ಹಿಗ್ಗಿದ ಪಾಪೆಗಳಿಗೆ ಕಿಟಕಿಯ ಬೆಳಕೇ ಚುಚ್ಚುತ್ತದೆ. ಅಂಥ ನೂರಾರು ಜನರ ಮುಖದ ಮೇಲೆ ನಿಮ್ಮ ವಿಡಿಯೋದವನು ದೊಡ್ಡ ದೀಪ ಹಿಡಿದುಕೊಂಡು ಓಡಾಡಿದ. ಎಲ್ಲರೂ ಕಣ್ಣೊರೆಸಿಕೊಂಡೆವು. ಭಾಷಣಕಾರರು ಅದನ್ನು ಕೃತಜ್ಞತೆ ಎಂದು ತಿಳಿದಿರಬೇಕು, ಇನ್ನಷ್ಟು ಹೊತ್ತು ಮಾತಾಡಿದರು.

ನಾನೇಕೆ ಅಲ್ಲಿದ್ದೆ? ಚಿಕ್ಕಂದಿನಿಂದ ದಪ್ಪ ಕನ್ನಡಕದವಳು ನಾನು. ಕಣ್ಣಿನ ಒಳಪದರದಲ್ಲಿ, ಎಂದರೆ ರೆಟಿನಾದಲ್ಲಿ, ಒಂದು ಸಣ್ಣ ತೂತು ಬಿದ್ದಿತ್ತು. ರೆಟಿನಾ ವೈದ್ಯರು ನಮ್ಮ ಕಡೆ ಬರುವುದೇ ಅಪರೂಪ. ನನ್ನ ಪಕ್ಕದಲ್ಲಿ ಕೂತಿದ್ದವಳು ನಮ್ಮ ಧಾರೇಶ್ವರದವಳೇ ಆದ ಬಂಗಾರಿ. ಐವತ್ತೆರಡು ವರ್ಷ, ಹತ್ತು ವರ್ಷದ ಸಕ್ಕರೆ ಕಾಯಿಲೆ, ಅದು ಎರಡೂ ಕಣ್ಣಿನ ರೆಟಿನಾಕ್ಕೆ ಇಳಿದಿತ್ತು. ಕುಮಟೆಯ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸ. ಇಡಿ ಬೇರೆ, ಹೋಳು ಬೇರೆ, ಕಲೆ ಬಿದ್ದದ್ದು ಬೇರೆ ಎಂದು ದಿನವಿಡೀ ವಿಂಗಡಿಸುವವಳಿಗೆ ಕಣ್ಣೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲವೇನೋ. ಅಥವಾ ಹೇಳಬೇಕೋ?

ಅಂದು ನನ್ನ ತೂತಿಗೆ ಲೇಸರ್ ಆಯಿತು, ಆಕೆಯ ಎಡಗಣ್ಣಿಗೂ ಆಯಿತು. ಬಲಗಣ್ಣಿನದು ಒಂದು ತಿಂಗಳ ನಂತರ, ಅದೇ ಮಂಟಪದಲ್ಲಿ ಎಂದರು. ಹೊರಗೆ ಬಂದವಳು ಮೇಜಿನಲ್ಲಿ ಕಾಗದ ಹಂಚುತ್ತಿದ್ದ ಹುಡುಗಿಯನ್ನು ಕೇಳಿದಳು.

"ಪಥ್ಯ ಎಂತಾದ್ರೂ ಮಾಡ್ಬೇಕಾ?"

"ಎಲ್ಲ ಪೇಪರಲ್ಲಿದೆ ಅಮ್ಮಾ, ಮುಂದೆ ನಡೀರಿ."

ಪೇಪರಿನಲ್ಲಿ ಎಲ್ಲವೂ ಇತ್ತು. ಲೇಸರ್ ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ, ಇದ್ದುದನ್ನು ಉಳಿಸುತ್ತದೆ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿರಬೇಕು, ಮಾತ್ರೆ ತಪ್ಪಿಸಬಾರದು. ಕೆಲವು ದಿನ ಭಾರ ಎತ್ತಬಾರದು. ಕಣ್ಣ ಮುಂದೆ ಕಪ್ಪು ಚುಕ್ಕೆ, ಮಿಂಚು, ಪರದೆ ಬಿದ್ದ ಹಾಗೆ ಏನು ಕಂಡರೂ ಅದೇ ದಿನ ಬರಬೇಕು. ಒಳ್ಳೆಯ ಮಾತುಗಳು, ಒಳ್ಳೆಯ ಇಂಗ್ಲಿಷಿನಲ್ಲಿ. ಕವಿತೆ ಓದಿ ಬದುಕಿದವಳು ನಾನು. ಒಂದೇ ಓದಿಗೆ ಅರ್ಥವಾಗದಂತೆ ಬರೆಯುವ ಹಕ್ಕು ಕವಿಗಳಿಗೆ ಇದೆಯೆಂದು ನಂಬಿದ್ದೇನೆ. ಅದು ನಿಮಗೂ ಇದೆಯೆಂದು ಯಾರು ಹೇಳಿದರು?

ಬಂಗಾರಿ ಆ ಕಾಗದವನ್ನು ನನ್ನತ್ತ ಚಾಚಿ, "ಎಂತ ಬರ್ದಾರೆ ಅಕ್ಕೋರೆ?" ಎಂದಳು. ನನಗೂ ಅಕ್ಷರಗಳು ಕದಡಿದ್ದವು. "ನಾಳೆ ಓದಿ ಹೇಳ್ತೇನೆ" ಎಂದೆ. ಮರುದಿನ ನನ್ನ ಕಾಗದ ಓದಿಕೊಂಡೆ, ಅಕ್ಷರಶಃ ಪಾಲಿಸಿದೆ. ಆಕೆಯ ಮನೆ ನನ್ನ ಮನೆಯಿಂದ ಮುನ್ನೂರು ಹೆಜ್ಜೆ. ಹೋಗಲಿಲ್ಲ. ಈ ಪತ್ರದಲ್ಲಿರುವ ತಿರಸ್ಕಾರವೆಲ್ಲ ನಿಮ್ಮೊಬ್ಬರ ಪಾಲಿನದೆಂದು ಹಿಗ್ಗಬೇಡಿ.

ಯಾರೂ ಹೇಳದಿದ್ದುದರಿಂದ ಬಂಗಾರಿ ತನಗೆ ತಿಳಿದ ಪಥ್ಯ ಮಾಡಿದಳು. ನಮ್ಮ ಊರುಗಳಲ್ಲಿ ಲೇಸರಿಗೆ ಬೆಂಕಿ ಕೊಡುವುದು ಎನ್ನುತ್ತಾರೆ. ಬೆಂಕಿ ತಾಗಿದ ಕಣ್ಣಿಗೆ ತಂಪು ಮಾಡಬೇಕಲ್ಲ? ಮೀನು ನಂಜು ಎಂದು ಬಿಟ್ಟಳು. ಮೂರು ಹೊತ್ತೂ ಗಂಜಿ. ನಡುವೆ ಬೆಲ್ಲ ಕದಡಿದ ರಾಗಿ ನೀರು, ಎಳನೀರು, ಹೆದ್ದಾರಿ ಬದಿಯ ಕಬ್ಬಿನ ಹಾಲು. ಸಕ್ಕರೆ ಕಾಯಿಲೆಯವಳು. ಕಣ್ಣು ಹೋದ ಸುದ್ದಿ ಕೇಳಿ ನಾನು ಕಡೆಗೂ ಆ ಮುನ್ನೂರು ಹೆಜ್ಜೆ ನಡೆದು ಹೋದಾಗ ಆಕೆಯೇ ಹೆಮ್ಮೆಯಿಂದ ಹೇಳಿದಳು.

"ನಲ್ವತ್ತು ದಿನ ಬಂಗಡೆ ವಾಸ್ನೆ ಸೈತ ನೋಡ್ಲಿಲ್ಲ ಅಕ್ಕೋರೆ. ಕಾರ್ಖಾನೆಲಿ ಎಲ್ರೂ ನಗಾಡಿದ್ರು, ಭಟ್ಟರ ಮನೆಗೆ ಸೊಸೆಯಾಗಿ ಹೋಗ್ತ್ಯಾ ಅಂತ."

"ಶುಗರ್ ಮಾತ್ರೆ?"

"ಅದು ಬಾಳ ಉಷ್ಣ. ಅವತ್ತೇ ನಿಲ್ಸಿದೆ. ಡಬ್ಬಿ ತುಂಬ ಹಂಗೇ ಅದೆ, ನಿಮ್ಗೆ ಬೇಕಾರೆ ತಗಂಡೋಗಿ."

ಇದನ್ನು ಓದಿ ನಿಮ್ಮ ಕಚೇರಿಯಲ್ಲಿ ಯಾರಾದರೂ 'ಅಜ್ಞಾನ' ಎಂದು ತಲೆಯಾಡಿಸಿದರೆ ಅವರಿಗೆ ತಿಳಿಸಿ: ನಲವತ್ತು ದಿನ ನಾಲಗೆ ಕಟ್ಟಿ ಕೂರುವಷ್ಟು ವಿಧೇಯ ರೋಗಿ ನಿಮಗೆ ಇನ್ನೊಬ್ಬಳು ಸಿಗಲಾರಳು. ಅಷ್ಟೇ ಶ್ರದ್ಧೆಯಿಂದ ಮಾತ್ರೆ ನುಂಗುತ್ತಿದ್ದಳು, ಕನ್ನಡದಲ್ಲಿ ಒಂದು ವಾಕ್ಯ ಹೇಳಿದ್ದರೆ.

ಒಂದು ತಿಂಗಳಿಗೆ ಸರಿಯಾಗಿ ಬಂಗಾರಿ ಮಗಳು ಸಂಪದಾಳೊಂದಿಗೆ ಮಂಟಪಕ್ಕೆ ಹೋದಳು. ನಾನು ಜೊತೆಗಿರಲಿಲ್ಲ, ಅಷ್ಟರಲ್ಲಿ ಉಡುಪಿಗೆ ಹೋಗಿ ತೋರಿಸಿಕೊಂಡು ಬಂದಿದ್ದೆ. ಮಂಟಪದಲ್ಲಿ ಯಾರದೋ ಮದುವೆ ನಡೆಯುತ್ತಿತ್ತು. ನಿಮ್ಮ ವೈದ್ಯರಿಲ್ಲ, ವಾಹನವಿಲ್ಲ, ಬಾಗಿಲಿಗೆ ಒಂದು ಚೀಟಿಯೂ ಇಲ್ಲ. ಮದುವೆಯವರೇ ಪಾಪ, "ಬಂದವರು ಊಟ ಮಾಡ್ಕಂಡು ಹೋಗಿ" ಎಂದು ಕೂರಿಸಿ ಪಾಯಸ ಬಡಿಸಿ ಕಳಿಸಿದರು. ಆ ವಾರವೇ ಎಡಗಣ್ಣಲ್ಲಿ ನೊಣ ಹಾರಿದಂತೆ ಕಾಣತೊಡಗಿತು. ತಂಪು ಸಾಲಲಿಲ್ಲವೆಂದು ಬಂಗಾರಿ ಇನ್ನೊಂದು ಲೋಟ ಕಬ್ಬಿನ ಹಾಲು ಕುಡಿದಳು. ಹತ್ತು ದಿನಕ್ಕೆ ಕಣ್ಣೊಳಗೆ ರಕ್ತನಾಳ ಒಡೆದು ಎಲ್ಲ ಕಪ್ಪಾಯಿತು.

ಆಗ ನಿಮ್ಮ ಕಚೇರಿಗೆ ಆಕೆಯ ನೆನಪಾಯಿತು. ಫೋನಿನಲ್ಲಿ ಧ್ವನಿಮುದ್ರಿತ ಹೆಣ್ಣುದನಿಯೊಂದು, ದೃಷ್ಟಿ ಚೆನ್ನಾಗಿದ್ದರೆ ಒಂದು ಒತ್ತಿ, ತೊಂದರೆಯಿದ್ದರೆ ಎರಡು ಒತ್ತಿ ಎಂದಿತು. ಬಂಗಾರಿ ಒಂದು ಒತ್ತಿದಳು.

"ಎಂತಕ್ಕೆ ಒಂದು ಒತ್ತಿದ್ದೆ ಅಬ್ಬೆ?" ಎಂದು ಸಂಪದಾ ರೇಗಿದಳಂತೆ.

"ಆ ಹೆಣ್ಮಗಳು ಅಷ್ಟು ಚಂದ ಮಾಡಿ ಕೇಳ್ತು, ಇಲ್ಲ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ. ಒಂದು ಕಣ್ಣಾದ್ರೂ ಕಾಣ್ತದಲ."

ನಿಮ್ಮ ಕಡತದಲ್ಲಿ ಬಂಗಾರಿ ಈಗ 'ಚಿಕಿತ್ಸೆ ಪೂರ್ಣ'. ನಾನು ಮೂರು ಸಲ ಕಚೇರಿಗೆ ಬಂದೆ. ಮೂರನೆಯ ಸಲ ನಿಮ್ಮ ಗುಮಾಸ್ತರು ಸೌಜನ್ಯದಿಂದಲೇ ಹೇಳಿದರು: "ಕಂಪ್ಯೂಟರಿನಲ್ಲಿ ಸರಿಯಿದೆ ಮೇಡಂ." ಕಂಪ್ಯೂಟರಿನ ಕಣ್ಣಿನ ಬಗ್ಗೆ ನನಗೂ ಚಿಂತೆಯಿಲ್ಲ.

ಆಕೆಯನ್ನು ಉಡುಪಿಗೆ ಕರೆದೊಯ್ದೆ. ಅಲ್ಲಿಯ ವೈದ್ಯರು ಎಡಗಣ್ಣಿನ ಆಸೆ ಬಿಡಿ ಎಂದರು. ಬಲಗಣ್ಣಿನಲ್ಲೂ ಅದೇ ರೋಗ ಬೆಳೆದಿದೆ, ಮೂರು ವಾರದೊಳಗೆ ಲೇಸರ್ ಆಗಲೇಬೇಕು ಎಂದರು. ನಾನು ಮಾಡಿಸುತ್ತೇನೆಂದೆ. ಬಂಗಾರಿ ಕುರ್ಚಿಯಿಂದ ಎದ್ದು ನಿಂತಳು.

"ಬೆಂಕಿ ಕೊಟ್ಟದ್ದು ಹೋತು. ಕೊಡದೇ ಇದ್ದದ್ದು ಕಾಣ್ತದೆ. ಈಗ ಇದಕ್ಕೂ ಕೊಡ್ಸು ಅಂತ್ರಿ. ನಾ ಶಾಲೆ ಕಲೀಲಿಲ್ಲ, ಆದ್ರೆ ಇಷ್ಟು ಲೆಕ್ಕ ಬತ್ತದೆ ಅಕ್ಕೋರೆ."

ಬಸ್ಸಿನಲ್ಲಿ ಭಟ್ಕಳ ದಾಟುವವರೆಗೂ ವಾದಿಸಿದೆ. ತಪ್ಪಿದ್ದು ಲೇಸರ್ ಅಲ್ಲ, ಆಮೇಲಿನ ಆರೈಕೆ ಎಂದೆ. "ನೀವು ಅವತ್ತೇ ಹೇಳ್ಲಿಲ್ಲ ಯಾಕೆ?" ಎಂದು ಕೇಳಿದಳು. ಕೊನೆಗೆ ಆಕೆಯೇ ದಾರಿ ತೋರಿಸಿದಳು: "ಬೆಂಕಿ ಕೊಡ್ಸಿದವ್ರು ಬಂದು ಎಂತಕ್ಕೆ ಹೋತು ಅಂತ ಹೇಳ್ಲಿ. ಆಮೇಲೆ ನೋಡ್ವ."

ಹೀಗಾಗಿ ಈ ಪತ್ರ. ಮುಂದಿನ ತಿಂಗಳು ಭಟ್ಕಳದಲ್ಲಿ ನಿಮ್ಮ ಶಿಬಿರವಿದೆ, ಬ್ಯಾನರುಗಳು ಆಗಲೇ ಬಿದ್ದಿವೆ. ಅಲ್ಲಿಯ ಕಾಗದ ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ, ಓದಿ ಹೇಳಲು ಒಬ್ಬರಿರಲಿ. ಇದು ಬೇಡಿಕೆಯೇ ಅಲ್ಲ, ನೀವು ಸಂಬಳ ಪಡೆಯುವ ಕೆಲಸ. ಬೇಡಿಕೆ ಬೇರೆ ಇದೆ. ಹನ್ನೊಂದು ದಿನದೊಳಗೆ ನೀವೇ ಧಾರೇಶ್ವರಕ್ಕೆ ಬನ್ನಿ. ಹಾರ, ಫೋಟೋ, ವಿಡಿಯೋದವನು ಬೇಡ. ಬಂಗಾರಿಯ ಜಗಲಿಯ ಮೇಲೆ ಕೂತು, ಆಕೆಯ ಬಲಗಣ್ಣನ್ನು ನೋಡಿ, ನಿಮ್ಮ ಬಾಯಿಂದ ಒಂದು ಮಾತು ಹೇಳಿ: "ತಪ್ಪು ಲೇಸರಿನದಲ್ಲ, ನಿನ್ನದೂ ಅಲ್ಲ ತಾಯಿ, ನಮ್ಮದು." ಹೇಳಲು ಅರ್ಧ ನಿಮಿಷ ಸಾಕು. ಕಷ್ಟವಾದರೆ ಕಾಗದದಲ್ಲಿ ಬರೆದು ತನ್ನಿ, ನಾನು ಪಕ್ಕದಲ್ಲಿ ನಿಂತು ಓದುತ್ತೇನೆ. ಆದರೆ ಬನ್ನಿ. ಆಕೆ ಒಪ್ಪಿದ ಮರುಕ್ಷಣ ಹೊರಡಲು ಸಂಪದಾ ಚೀಲ ತುಂಬಿಟ್ಟಿದ್ದಾಳೆ.

ಇಂತಿ,
ಎರಡೂ ಕಣ್ಣು ಉಳಿಸಿಕೊಂಡು, ಅದಕ್ಕೆ ನಾಚುತ್ತಿರುವ
ಮಾಲಿನಿ, ಧಾರೇಶ್ವರ